ಬಾಟಲಿಯ ಹಿಂಬದಿ ಓದಿ: ಕಿಡ್ನಿ ಕಾಯಿಲೆ ಇರುವವರ ಮಲಬದ್ಧತೆ

ಕೇಳುಗರಿಗೆಲ್ಲ ನಮಸ್ಕಾರ.

ವೈದ್ಯರ ಮುಂದೆ ಕುಳಿತಾಗ ರಕ್ತದೊತ್ತಡ, ಸಕ್ಕರೆ, ಕಾಲಿನ ಬಾವು ಎಲ್ಲವನ್ನೂ ಹೇಳುತ್ತೇವೆ. ಒಂದು ವಿಷಯವನ್ನು ಮಾತ್ರ ನುಂಗಿಕೊಂಡು ಎದ್ದು ಬರುತ್ತೇವೆ. ಅದು ಮಲಬದ್ಧತೆ. ಇಂದಿನ ನನ್ನ ಮಾತು ಅದರ ಬಗ್ಗೆಯೇ. ಅದರಲ್ಲೂ ದೀರ್ಘಕಾಲದ ಮೂತ್ರಪಿಂಡದ ಕಾಯಿಲೆ ಇರುವವರ ಮಲಬದ್ಧತೆ. ನಾನು ಆಸ್ಪತ್ರೆಯೊಂದರ ಮೂತ್ರಪಿಂಡ ವಿಭಾಗದಲ್ಲಿ ಔಷಧ ತಜ್ಞೆ. ರೋಗಿಗಳು ತರುವ ಮಾತ್ರೆಗಳ ಚೀಲವನ್ನು ಮೇಜಿನ ಮೇಲೆ ಹರಡಿ, ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ನೋಡುವುದು ನನ್ನ ಕೆಲಸ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆ ಸಡಿಲಿಸುವ ಯಾವುದೇ ಔಷಧವನ್ನು ಬಾಯಿಗೆ ಹಾಕುವ ಮೊದಲು ಬಾಟಲಿಯನ್ನು ತಿರುಗಿಸಿ, ಹಿಂಬದಿಯನ್ನು ಓದಿ. ಅಲ್ಲಿ ಮೆಗ್ನೀಷಿಯಂ ಎಂದು ಇದ್ದರೆ ಬೇಡ. ಫಾಸ್ಫೇಟ್ ಎಂದು ಇದ್ದರೆ ಬೇಡ. ಅಕ್ಷರ ಸಣ್ಣದಾಗಿ ಕಾಣದಿದ್ದರೆ ಮನೆಯಲ್ಲಿರುವ ಯಾರಿಂದಲಾದರೂ ಓದಿಸಿ. ಔಷಧದ ಅಂಗಡಿಯಲ್ಲಿ ಕೊಳ್ಳುವಾಗ ‘ನನಗೆ ಕಿಡ್ನಿ ಕಾಯಿಲೆ ಇದೆ, ಇದರಲ್ಲಿ ಮೆಗ್ನೀಷಿಯಂ ಇದೆಯೇ, ಫಾಸ್ಫೇಟ್ ಇದೆಯೇ’ ಎಂದು ಗಟ್ಟಿಯಾಗಿ ಕೇಳಿ. ನಾಚಿಕೆ ಪಡುವ ವಿಷಯ ಇದಲ್ಲ.

ಕಿಡ್ನಿ ಕಾಯಿಲೆ ಇರುವವರಿಗೆ ಮಲಬದ್ಧತೆ ಯಾಕೆ ಇಷ್ಟೊಂದು ಕಾಡುತ್ತದೆ? ಕಾರಣಗಳು ಒಂದರ ಮೇಲೊಂದು ಬಂದು ಕೂರುತ್ತವೆ. ನೀರಿಗೆ ಮಿತಿ ಹಾಕಿರುತ್ತಾರೆ. ಪೊಟ್ಯಾಸಿಯಂ ಹೆಚ್ಚಬಾರದೆಂದು ಹಣ್ಣು, ತರಕಾರಿ, ಬೇಳೆಕಾಳು ಕಡಿಮೆ ಮಾಡಿರುತ್ತಾರೆ, ಅವುಗಳ ಜೊತೆಗೆ ನಾರಿನಂಶವೂ ಹೊರಟುಹೋಗಿರುತ್ತದೆ. ಊಟದ ಜೊತೆ ನುಂಗುವ ಫಾಸ್ಫೇಟ್ ಹಿಡಿಯುವ ಮಾತ್ರೆಗಳು, ರಕ್ತ ಹೆಚ್ಚಲೆಂದು ಕೊಡುವ ಕಬ್ಬಿಣದ ಮಾತ್ರೆ, ಪೊಟ್ಯಾಸಿಯಂ ಇಳಿಸುವ ಪುಡಿ, ಕೆಲವು ನೋವಿನ ಮಾತ್ರೆಗಳು, ಇವೆಲ್ಲ ಕರುಳನ್ನು ನಿಧಾನಗೊಳಿಸುತ್ತವೆ ಅಥವಾ ಮಲವನ್ನು ಗಟ್ಟಿ ಮಾಡುತ್ತವೆ. ಹಲವು ವರ್ಷಗಳ ಸಕ್ಕರೆ ಕಾಯಿಲೆ ಕರುಳಿನ ನರಗಳನ್ನೇ ದುರ್ಬಲಗೊಳಿಸುತ್ತದೆ. ಇನ್ನು ಡಯಾಲಿಸಿಸ್ ಯಂತ್ರದ ಪಕ್ಕ ನಾಲ್ಕು ಗಂಟೆ ಅಲುಗಾಡದೆ ಮಲಗಿರುವಾಗ ಶೌಚಕ್ಕೆ ಹೋಗಬೇಕೆನಿಸಿದರೂ ತಡೆದುಕೊಳ್ಳುತ್ತೀರಿ. ಹಾಗೆ ತಡೆದು ತಡೆದು ಆ ಕರೆಯೇ ಮಂದವಾಗುತ್ತದೆ.

ಒಂದು ಮಾತು. ಮಲಬದ್ಧತೆಗೆ ಕಾರಣವೆಂದು ಫಾಸ್ಫೇಟ್ ಹಿಡಿಯುವ ಮಾತ್ರೆಯನ್ನೋ ಕಬ್ಬಿಣದ ಮಾತ್ರೆಯನ್ನೋ ನೀವೇ ನಿಲ್ಲಿಸಬೇಡಿ. ವೈದ್ಯರಿಗೆ ಹೇಳಿ. ಬದಲಾಯಿಸಲು ಬೇರೆ ಬಗೆಗಳಿವೆ.

‘ಹೊಟ್ಟೆಯದ್ದು ತಾನೇ, ಎರಡು ದಿನ ತಡವಾದರೆ ಏನಂತೆ’ ಎನ್ನುವವರಿಗೆ ಇದೊಂದು ವಿಷಯ ಗೊತ್ತಿರಲಿ. ಆರೋಗ್ಯವಂತರ ದೇಹದಿಂದ ಹೊರಹೋಗುವ ಪೊಟ್ಯಾಸಿಯಂನಲ್ಲಿ ಸುಮಾರು ಶೇಕಡ 90 ಭಾಗ ಮೂತ್ರದಲ್ಲಿ, ಉಳಿದದ್ದು ಮಲದಲ್ಲಿ ಹೋಗುತ್ತದೆ. ಕಿಡ್ನಿ ಸೋಲುತ್ತಾ ಬಂದಂತೆ ದೊಡ್ಡ ಕರುಳು ತನ್ನ ಪಾಲನ್ನು ಹೆಚ್ಚಿಸಿಕೊಳ್ಳುತ್ತದೆ. ಮಲ ಕಟ್ಟಿದರೆ ಆ ದಾರಿಯೂ ಕಟ್ಟುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪುತ್ತದೆ. ಆದ್ದರಿಂದ ನಿಮ್ಮ ಪಾಲಿಗೆ ಮಲಬದ್ಧತೆ ಬರೀ ಕಿರಿಕಿರಿಯಲ್ಲ. ಅದಕ್ಕೆ ಚಿಕಿತ್ಸೆ ಬೇಕು. ಆದರೆ ಸರಿಯಾದ ಚಿಕಿತ್ಸೆ ಬೇಕು.

ಈಗ ಮೆಗ್ನೀಷಿಯಂ ಕಥೆಗೆ ಬರುತ್ತೇನೆ. ಇದನ್ನು ವಿವರವಾಗಿಯೇ ಹೇಳುತ್ತೇನೆ.

ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರಿದ್ದರು. ಕಿಡ್ನಿ ಬಹಳಷ್ಟು ಸೋತಿತ್ತು, ಡಯಾಲಿಸಿಸ್ ಇನ್ನೂ ಶುರುವಾಗಿರಲಿಲ್ಲ. ಅವರಷ್ಟು ಶಿಸ್ತಿನ ರೋಗಿಯನ್ನು ನಾನು ನೋಡಿಲ್ಲ. ಕುಡಿದ ನೀರು, ಹೋದ ಮೂತ್ರ, ಬೆಳಗಿನ ತೂಕ, ಸಂಜೆಯ ರಕ್ತದೊತ್ತಡ, ಎಲ್ಲವೂ ಗೆರೆ ಎಳೆದ ಪುಸ್ತಕದಲ್ಲಿ ದುಂಡನೆಯ ಅಕ್ಷರದಲ್ಲಿ ಇರುತ್ತಿತ್ತು. ಒಂದು ದಿನ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಕೆಲವು ದಿನಗಳಿಂದ ತೂಕಡಿಕೆ. ಮಾತು ಎಳೆದೆಳೆದು ಬರುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು ಕೈಗೆ ಬಲವಿಲ್ಲ. ಪಾರ್ಶ್ವವಾಯು ಬಡಿದಿದೆ ಎಂದು ಮನೆಯವರಿಗೆ ಭಯ. ತಲೆಯ ಸ್ಕ್ಯಾನ್ ಆಯಿತು, ಅದರಲ್ಲಿ ಏನೂ ಇರಲಿಲ್ಲ. ರಕ್ತದೊತ್ತಡ ಇಳಿದಿತ್ತು, ನಾಡಿ ನಿಧಾನವಾಗಿತ್ತು. ವೈದ್ಯರು ಮೊಣಕಾಲಿನ ಮೇಲೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಕಾಲು ಮಿಸುಕಲಿಲ್ಲ. ಇನ್ನೊಂದು ಕಾಲೂ ಮಿಸುಕಲಿಲ್ಲ. ಅವರು ಕೂಡಲೇ ರಕ್ತದ ಮೆಗ್ನೀಷಿಯಂ ಪರೀಕ್ಷೆಗೆ ಬರೆದರು. ಅದು ಇರಬೇಕಾದ ಮಟ್ಟದ ಮೂರು ಪಟ್ಟನ್ನೂ ಮೀರಿತ್ತು.

ಎಲ್ಲಿಂದ ಬಂತು? ನನ್ನನ್ನು ಕರೆಸಿದರು. ಅವರ ಔಷಧದ ಪಟ್ಟಿಯನ್ನು ಸಾಲುಸಾಲಾಗಿ ನೋಡಿದೆ. ಮೆಗ್ನೀಷಿಯಂ ಇರುವ ಒಂದು ಮಾತ್ರೆಯೂ ಇಲ್ಲ. ಆ ಪುಸ್ತಕವನ್ನೂ ತಿರುವಿದೆ, ಇಲ್ಲ. ಅವರ ಹೆಂಡತಿಯನ್ನು ಕೇಳಿದೆ: ‘ಅಮ್ಮ, ಇದಲ್ಲದೆ ಬೇರೆ ಯಾವುದಾದರೂ ಔಷಧ ತೆಗೆದುಕೊಳ್ಳುತ್ತಾರೆಯೇ?’ ‘ಇಲ್ಲಮ್ಮ, ಡಾಕ್ಟರು ಬರೆದದ್ದು ಬಿಟ್ಟರೆ ಬೇರೇನನ್ನೂ ಇವರು ಮುಟ್ಟುವುದೇ ಇಲ್ಲ.’ ಆಗ ಬೇರೆ ರೀತಿಯಲ್ಲಿ ಕೇಳಿದೆ. ‘ಶೌಚ ಸರಾಗವಾಗಿ ಆಗುತ್ತದೆಯೇ?’ ಅವರ ಮುಖ ಅರಳಿತು. ‘ಅದಕ್ಕೇನೂ ತೊಂದರೆಯಿಲ್ಲ. ದಿನಾ ರಾತ್ರಿ ಆ ಬಿಳಿ ಔಷಧ ಎರಡು ದೊಡ್ಡ ಚಮಚ ಕುಡಿಯುತ್ತಾರಲ್ಲ!’

ಆ ಬಿಳಿ ಔಷಧ ಮಿಲ್ಕ್ ಆಫ್ ಮೆಗ್ನೀಷಿಯಾ. ವಾರಗಟ್ಟಲೆ ನಡೆದಿತ್ತು. ಬಾಲ್ಯದಿಂದ ಮನೆಯಲ್ಲಿ ನೋಡಿದ ಬಾಟಲಿ, ಚೀಟಿಯಿಲ್ಲದೆ ಸಿಗುತ್ತದೆ, ಹಾಗಾಗಿ ಅದು ಔಷಧವೆಂದೇ ಅವರಿಗೆ ಅನಿಸಿರಲಿಲ್ಲ. ಒಂದೊಂದು ಲೋಟ ನೀರನ್ನೂ ಬರೆದಿಟ್ಟ ಮನುಷ್ಯ ಆ ಎರಡು ಚಮಚವನ್ನು ಬರೆದಿರಲಿಲ್ಲ.

ಲೆಕ್ಕ ಕೇಳಿ. ಸಾಮಾನ್ಯವಾಗಿ ಸಿಗುವ ಮಿಲ್ಕ್ ಆಫ್ ಮೆಗ್ನೀಷಿಯಾದ 5 ಮಿಲಿಲೀಟರಿನಲ್ಲಿ 400 ಮಿಲಿಗ್ರಾಂ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಇರುತ್ತದೆ. ಎರಡು ದೊಡ್ಡ ಚಮಚವೆಂದರೆ 30 ಮಿಲಿಲೀಟರ್. ಅದರಲ್ಲಿ ಸಿಗುವ ಮೆಗ್ನೀಷಿಯಂ ಸುಮಾರು 1,000 ಮಿಲಿಗ್ರಾಂ. ವಯಸ್ಕರಿಗೆ ಇಡೀ ದಿನಕ್ಕೆ ಬೇಕಾದದ್ದು 300ರಿಂದ 400 ಮಿಲಿಗ್ರಾಂ. ಕುಡಿದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ, ಒಂದಿಷ್ಟು ಸೇರುತ್ತದೆ. ರಕ್ತ ಸೇರಿದ ಮೆಗ್ನೀಷಿಯಂಗೆ ಹೊರಗೆ ಹೋಗಲು ಇರುವುದು ಕಿಡ್ನಿ ಎಂಬ ಒಂದೇ ಬಾಗಿಲು. ಆ ಬಾಗಿಲು ಅರ್ಧ ಮುಚ್ಚಿದ್ದರೆ ದಿನವೂ ಸ್ವಲ್ಪ ಸ್ವಲ್ಪ ಒಳಗೇ ಉಳಿಯುತ್ತದೆ. ಮೊದಲು ತೂಕಡಿಕೆ, ಆಮೇಲೆ ಸ್ನಾಯುಗಳ ನಿಶ್ಶಕ್ತಿ, ಇನ್ನೂ ಏರಿದರೆ ಉಸಿರಾಟ ನಿಲ್ಲಬಹುದು, ಹೃದಯ ನಿಲ್ಲಬಹುದು.

ಮುಖ್ಯೋಪಾಧ್ಯಾಯರಿಗೆ ಹೃದಯದ ರಕ್ಷಣೆಗೆ ಕ್ಯಾಲ್ಸಿಯಂ ಚುಚ್ಚುಮದ್ದು ಕೊಟ್ಟು, ತುರ್ತಾಗಿ ಡಯಾಲಿಸಿಸ್ ಮಾಡಿ ಮೆಗ್ನೀಷಿಯಂ ತೆಗೆದರು. ಮರುದಿನ ಎದ್ದು ಕುಳಿತು ತಮ್ಮ ಪುಸ್ತಕ ಕೇಳಿದರು. ನನಗಾದ ಸಂತೋಷವನ್ನು ಹೇಳಲಾರೆ. ಆದರೆ ಎಲ್ಲರಿಗೂ ಮೊಣಕಾಲು ತಟ್ಟಿ ನೋಡುವ ವೈದ್ಯರು ಸಮಯಕ್ಕೆ ಸಿಗುವುದಿಲ್ಲ. ಬಾಟಲಿಯ ಹಿಂಬದಿಯನ್ನು ಮಾತ್ರ ಎಲ್ಲರೂ ಓದಬಹುದು. ಮೆಗ್ನೀಷಿಯಂ ಹೈಡ್ರಾಕ್ಸೈಡ್, ಮೆಗ್ನೀಷಿಯಂ ಸಿಟ್ರೇಟ್, ಎಪ್ಸಮ್ ಉಪ್ಪು ಎನ್ನುವ ಮೆಗ್ನೀಷಿಯಂ ಸಲ್ಫೇಟ್, ಹೆಸರು ಯಾವುದೇ ಇರಲಿ, ನಿಮಗೆ ಬೇಡ. ಲಿಕ್ವಿಡ್ ಪ್ಯಾರಾಫಿನ್ ಜೊತೆ ಬೆರೆಸಿದ ಸಿಹಿ ಸಿರಪ್‌ಗಳಲ್ಲೂ ಇದು ಅಡಗಿರುತ್ತದೆ. ಎದೆಯುರಿಗೆ ಕುಡಿಯುವ ಆಂಟಾಸಿಡ್‌ಗಳಲ್ಲೂ ಇರುತ್ತದೆ.

ಇನ್ನು ಫಾಸ್ಫೇಟ್. ಸೋಡಿಯಂ ಫಾಸ್ಫೇಟ್ ಇರುವ ದ್ರಾವಣ, ಸೋಡಿಯಂ ಫಾಸ್ಫೇಟ್ ಎನಿಮಾ, ಎರಡೂ ಬೇಡ. ಕರುಳಿನ ಪರೀಕ್ಷೆಗೆ ಮುನ್ನ ಹೊಟ್ಟೆ ಸ್ವಚ್ಛಗೊಳಿಸಲು ಬಳಸುತ್ತಿದ್ದ ಸೋಡಿಯಂ ಫಾಸ್ಫೇಟ್ ಔಷಧಗಳಿಂದ ಕಿಡ್ನಿಯೊಳಗೆ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಟ್ಟಿ ಹಾನಿಯಾದದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತು. ಚೀಟಿಯಿಲ್ಲದೆ ಸಿಗುವ ಸೋಡಿಯಂ ಫಾಸ್ಫೇಟ್ ಮಲಬದ್ಧತೆ ಔಷಧಗಳ ಬಗ್ಗೆ 2014ರಲ್ಲಿ ಮತ್ತೊಮ್ಮೆ ಎಚ್ಚರಿಸಿತು. ಕೊಲೊನೋಸ್ಕೋಪಿ ಎಂಬ ಆ ಕರುಳಿನ ಪರೀಕ್ಷೆ ಮಾಡಿಸುವಾಗ ‘ನನಗೆ ಕಿಡ್ನಿ ಕಾಯಿಲೆ ಇದೆ’ ಎಂದು ಮೊದಲೇ ಹೇಳಿ.

ನನಗೆ ಕೊಟ್ಟ ಸಮಯ ಕರಗುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಹಾಗಾದರೆ ಯಾವುದನ್ನು ತೆಗೆದುಕೊಳ್ಳಬಹುದು? ಲ್ಯಾಕ್ಟುಲೋಸ್ ಎಂಬ ಸಿಹಿ ದ್ರವ ಒಳ್ಳೆಯದು. ಇಂದು ಕುಡಿದರೆ ನಾಳೆಯೋ ನಾಡಿದ್ದೋ ಕೆಲಸ ಮಾಡುತ್ತದೆ. ಮೊದಲ ಕೆಲವು ದಿನ ಹೊಟ್ಟೆ ಉಬ್ಬರಿಸಬಹುದು, ಅಷ್ಟಕ್ಕೇ ಬಿಡಬೇಡಿ. ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯೂ ಒಳ್ಳೆಯದು, ಆದರೆ ಅದನ್ನು ಕಲಸುವ ನೀರು ನಿಮ್ಮ ದಿನದ ನೀರಿನ ಲೆಕ್ಕಕ್ಕೆ ಸೇರಬೇಕು. ಸೋನಾಮುಖಿಯಿಂದ ತೆಗೆದ ಸೆನ್ನಾ ಮಾತ್ರೆ ಅಥವಾ ಬಿಸಾಕೊಡಿಲ್ ಮಾತ್ರೆಯನ್ನು ರಾತ್ರಿ ನುಂಗಿದರೆ ಬೆಳಗ್ಗೆ ಫಲ ಕಾಣುತ್ತದೆ. ಬಿಸಾಕೊಡಿಲ್ ಅನ್ನು ಹಾಲಿನ ಜೊತೆ ನುಂಗಬೇಡಿ, ಅಗಿಯಬೇಡಿ. ಮಲ ಬಾಗಿಲಿಗೇ ಬಂದು ನಿಂತಿದ್ದರೆ ಗ್ಲಿಸರಿನ್ ಗುಳಿಗೆಯನ್ನು ಗುದದ್ವಾರದಲ್ಲಿ ಇಡಬಹುದು. ಇವುಗಳಲ್ಲಿ ಯಾವುದು, ಎಷ್ಟು ಎಂಬುದನ್ನು ನಿಮ್ಮ ವೈದ್ಯರೇ ಹೇಳಲಿ. ಭೇದಿಯಾಗುವಷ್ಟು ಮಾತ್ರ ಬೇಡ. ದೇಹದ ನೀರು ಒಣಗಿದರೆ ಇರುವ ಕಿಡ್ನಿಯೂ ಕುಗ್ಗುತ್ತದೆ.

ಇಸಬ್‌ಗೋಲ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದಕ್ಕೆ ತುಂಬು ಲೋಟ ನೀರು ಬೇಕೇ ಬೇಕು. ಸಾಕಷ್ಟು ನೀರಿಲ್ಲದೆ ನುಂಗಿದರೆ ಅದು ಗಂಟಲಿನಲ್ಲೋ ಕರುಳಿನಲ್ಲೋ ಉಬ್ಬಿ ಕಟ್ಟಿಕೊಳ್ಳುತ್ತದೆ. ನೀರಿಗೆ ಮಿತಿ ಇರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬೇಡಿ. ‘ನೀರು ಚೆನ್ನಾಗಿ ಕುಡಿಯಿರಿ, ಎಲ್ಲ ಸರಿಹೋಗುತ್ತದೆ’ ಎಂದು ಸಲಹೆ ಕೊಡುವ ನೆಂಟರಿಗೂ ನನ್ನದೊಂದು ವಿನಂತಿ: ದಯವಿಟ್ಟು ಸುಮ್ಮನಿರಿ. ಆ ನೀರು ಅವರ ಶ್ವಾಸಕೋಶದಲ್ಲಿ ತುಂಬಿಕೊಳ್ಳಬಹುದು. ‘ನೈಸರ್ಗಿಕ’ ಎಂದು ಮುಂದೆ ದಪ್ಪಕ್ಷರದಲ್ಲಿ ಬರೆದು, ಹಿಂದೆ ಒಳಗಿರುವುದೇನೆಂದು ಬರೆಯದ ಚೂರ್ಣಗಳನ್ನು ಕೊಳ್ಳಲೇಬೇಡಿ. ಓದಲು ಹಿಂಬದಿಯೇ ಇಲ್ಲದ ಪೊಟ್ಟಣ ನಿಮಗಲ್ಲ.

ನಾರಿನಂಶವನ್ನು ಪೂರ್ತಿ ಬಿಡಬೇಕಾಗಿಲ್ಲ. ಪೊಟ್ಯಾಸಿಯಂ ಕಡಿಮೆ ಇರುವ ತರಕಾರಿಗಳಿವೆ. ಉಳಿದವನ್ನೂ ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿದರೆ ಪೊಟ್ಯಾಸಿಯಂ ಇಳಿಯುತ್ತದೆ, ನಾರು ಉಳಿಯುತ್ತದೆ. ಬೆಳಗಿನ ತಿಂಡಿಯಾದ ಅರ್ಧ ಗಂಟೆಯೊಳಗೆ ಕರುಳು ತಾನಾಗಿಯೇ ಚುರುಕಾಗುತ್ತದೆ. ಆ ಹೊತ್ತಿನಲ್ಲಿ ಶೌಚಾಲಯಕ್ಕೆ ಹೋಗಿ. ಕಮೋಡ್ ಬಳಸುವವರು ಕಾಲ ಕೆಳಗೆ ಗಿಡ್ಡ ಮಣೆ ಇಟ್ಟುಕೊಂಡು ಮೊಣಕಾಲು ಮೇಲೆತ್ತಿ ಕುಳಿತರೆ ತಿಣುಕುವುದು ತಪ್ಪುತ್ತದೆ.

ಹೊಟ್ಟೆಯ ಮೂಲಕ ಪೆರಿಟೋನಿಯಲ್ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಒಂದು ಮಾತು. ತುಂಬಿದ ಕರುಳು ನಿಮ್ಮ ಕೊಳವೆಯನ್ನು ಒತ್ತುತ್ತದೆ, ಜಾಗದಿಂದ ಸರಿಸುತ್ತದೆ. ದ್ರವ ಸರಿಯಾಗಿ ಹೊರಬರದಿದ್ದರೆ ಮಲಬದ್ಧತೆ ಇದೆಯೇ ಎಂದು ಮೊದಲು ನೋಡಿಕೊಂಡು ನಿಮ್ಮ ಡಯಾಲಿಸಿಸ್ ಕೇಂದ್ರಕ್ಕೆ ಫೋನ್ ಮಾಡಿ.

ಮಲದಲ್ಲಿ ರಕ್ತ ಕಂಡರೆ, ತೀವ್ರ ಹೊಟ್ಟೆನೋವಿನ ಜೊತೆ ವಾಂತಿಯಾದರೆ, ಗಾಳಿಯೂ ಹೋಗದೆ ಹೊಟ್ಟೆ ಉಬ್ಬಿದರೆ, ಕಾರಣವಿಲ್ಲದೆ ತೂಕ ಇಳಿದರೆ, ಕೈಕಾಲು ಸೋತು ಎದೆ ಡವಗುಟ್ಟಿದರೆ, ಮನೆಯ ಯಾವ ಔಷಧವನ್ನೂ ಹುಡುಕದೆ ಆಸ್ಪತ್ರೆಗೆ ಹೋಗಿ. ಹೋಗುವಾಗ ಮನೆಯಲ್ಲಿರುವ ಬಾಟಲಿಗಳನ್ನೆಲ್ಲ, ಔಷಧವಲ್ಲ ಎಂದು ನಿಮಗನಿಸಿದವನ್ನೂ ಸೇರಿಸಿ, ಚೀಲದಲ್ಲಿ ಹಾಕಿಕೊಂಡು ಹೋಗಿ.

ನಮಸ್ಕಾರ.