ಗಾಜಿನ ಕೊಳವೆಯನ್ನು ಅಲುಗಿಸಬೇಡಿ

ನಮಸ್ಕಾರ. ಹೋದ ವಾರದ ಸಂಚಿಕೆಯ ಕೆಳಗೆ ತೀರ್ಥಹಳ್ಳಿ ಕಡೆಯವರೊಬ್ಬರು ಬರೆದಿದ್ದಾರೆ: "ಹಾವು ಕಚ್ಚಿದ ನಮ್ಮ ಮಾವನನ್ನು ಮಲಗಿಸಿ, ರಕ್ತವನ್ನು ಗಾಜಿನ ಕೊಳವೆಗೆ ಹಾಕಿ, 20 ನಿಮಿಷ ಗಡಿಯಾರ ನೋಡುತ್ತಾ ಕುಳಿತರು. ಇವರೂ ಡಾಕ್ಟರೇ?" ಆ ಮಾತಿಗೆ ಲೈಕುಗಳ ಸುರಿಮಳೆ.

ಹೌದು ಸ್ವಾಮಿ, ಅವರೇ ಡಾಕ್ಟರು. ನಿಮ್ಮ ಮಾವನಿಗೆ ಅಂದು ಆಗಬೇಕಾದದ್ದೇ ಆಗಿದೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ದುಡಿಯುವ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ತಿಂದುಹಾಕುತ್ತದೆ. ಅದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಕಿಲ್ಲ. ಸ್ವಚ್ಛವಾದ, ಒಣಗಿದ, ಹೊಸ ಗಾಜಿನ ಕೊಳವೆಗೆ 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಮುಟ್ಟದೆ ಇಡಬೇಕು. ಹಾಲಿಗೆ ಹೆಪ್ಪು ಹಾಕಿದ ಪಾತ್ರೆಯನ್ನು ಯಾರಾದರೂ ನಡುನಡುವೆ ಅಲುಗಿಸಿ ನೋಡುತ್ತಾರೆಯೇ? ಇಲ್ಲೂ ಹಾಗೆಯೇ. ಸಮಯ ಮುಗಿದ ಮೇಲೆ ಒಮ್ಮೆ ಓರೆ ಮಾಡಬೇಕು. ರಕ್ತ ನೀರಾಗಿ ಹರಿದರೆ ವಿಷ ಏರಿದೆ, ವಿಷ ಇಳಿಸುವ ಇಂಜೆಕ್ಷನ್ ಆದ ಪ್ರತಿವಿಷ ಶುರು. ಗಟ್ಟಿಯಾಗಿದ್ದರೆ ರೋಗಿಯನ್ನು ಅಲ್ಲೇ ಇರಿಸಿಕೊಂಡು ಮತ್ತೆ ಮತ್ತೆ ಅದೇ ಪರೀಕ್ಷೆ. ಪ್ಲಾಸ್ಟಿಕ್ ಕೊಳವೆ ನಡೆಯುವುದಿಲ್ಲ, ಸೋಪಿನಲ್ಲಿ ತೊಳೆದದ್ದೂ ನಡೆಯುವುದಿಲ್ಲ.

ಗಮನಿಸಿ, ಕಾಯುವುದು ಆಸ್ಪತ್ರೆಯೊಳಗೆ, ಮನೆಯ ಜಗುಲಿಯಲ್ಲಲ್ಲ. ರೆಪ್ಪೆ ಇಳಿಬಿದ್ದರೆ, ಉಸಿರು ಕಷ್ಟವಾದರೆ, ವಸಡಿನಲ್ಲಿ ರಕ್ತ ಒಸರಿದರೆ ಯಾವ ವೈದ್ಯರೂ ಕೊಳವೆಗಾಗಿ ಕಾಯುವುದಿಲ್ಲ. ನಾಗರಹಾವು, ಕಟ್ಟುಹಾವುಗಳ ವಿಷ ನರಕ್ಕೆ ಹೊಡೆಯುತ್ತದೆ. ಅಲ್ಲಿ ನೋಡಬೇಕಾದದ್ದು ರೋಗಿಯ ಮುಖ.

"ಸುಮ್ಮನೆ ಇಂಜೆಕ್ಷನ್ ಕೊಟ್ಟುಬಿಟ್ಟರೆ ಏನು ಹೋಗುತ್ತದೆ?" ಜೀವ ಹೋಗಬಹುದು! ಪ್ರತಿವಿಷ ತಯಾರಾಗುವುದು ಕುದುರೆಯ ರಕ್ತದಿಂದ. ಶ್ರೀಲಂಕಾದ ಆಸ್ಪತ್ರೆಗಳಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿವಿಷ ಪಡೆದವರಲ್ಲಿ ನಾಲ್ವರಲ್ಲಿ ಮೂವರ ದೇಹ ಅದಕ್ಕೆ ತಿರುಗಿಬಿದ್ದಿತ್ತು. ಮೊದಲೇ ಸ್ವಲ್ಪ ಅಡ್ರಿನಲಿನ್ ಕೊಟ್ಟರೆ ತೀವ್ರ ಅಡ್ಡಪರಿಣಾಮ ತಗ್ಗುತ್ತದೆ ಎಂದು ತೋರಿಸಿದ್ದೂ ಅದೇ ಅಧ್ಯಯನ. ವಿಷವೇ ಏರದವನಿಗೆ ಈ ಅಪಾಯವನ್ನು ಏಕೆ ಕೊಡಬೇಕು? ಕಾಯಿರಿ. 20 ನಿಮಿಷ ಕಾಯಿರಿ.

ನಮ್ಮ ಮಲೆನಾಡಿನಲ್ಲಂತೂ ಈ ಕೊಳವೆ ಇನ್ನಷ್ಟು ಬೇಕು. ಭಾರತದ ಪ್ರತಿವಿಷ ನಾಲ್ಕು ಹಾವುಗಳಿಗೆ ಮಾತ್ರ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ತೋಟದ ತರಗೆಲೆಯಲ್ಲಿ ಸುರುಳಿ ಸುತ್ತಿ ಮಲಗುವ, ಮೂತಿ ಮೇಲಕ್ಕೆದ್ದ ಪುಟ್ಟ ಗುಳಿಮಂಡಲವಿದೆಯಲ್ಲ, ಹಂಪ್‌ನೋಸ್ಡ್ ಪಿಟ್ ವೈಪರ್, ಅದರ ವಿಷವೂ ರಕ್ತವನ್ನು ಕೆಡಿಸುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಆದರೆ ಈ ಪ್ರತಿವಿಷ ಅದಕ್ಕೆ ನಾಟುವುದಿಲ್ಲ. ಪ್ರತಿವಿಷ ಕೊಟ್ಟು 6 ಗಂಟೆಯ ನಂತರವೂ ಕೊಳವೆಯ ರಕ್ತ ನೀರಾಗಿಯೇ ಇದ್ದರೆ, ಬೇರೆ ಹಾವೇನೋ ಎಂಬ ಅನುಮಾನ ಹುಟ್ಟುವುದು ಆಗಲೇ. ಬಾಟಲಿಯ ಮೇಲೆ ಬಾಟಲಿ ಸುರಿದು ಏನು ಪ್ರಯೋಜನ?

ಇನ್ನೊಬ್ಬರು ಓದಿದವರು, "ಈ ಪರೀಕ್ಷೆ ವಿಷದಿಂದ ರಕ್ತ ಕೆಟ್ಟ ನೂರು ಜನರಲ್ಲಿ 40 ಜನರನ್ನಷ್ಟೇ ಹಿಡಿಯುತ್ತದೆ, 2013ರ ಸಂಶೋಧನೆ ಇದೆ" ಎಂದು ಬರೆದಿದ್ದಾರೆ. ಮುಂದಿನದನ್ನೂ ಓದಬೇಕಿತ್ತು. ಶ್ರೀಲಂಕಾದಲ್ಲೇ, ಕ್ರಮಬದ್ಧವಾಗಿ ಮಾಡಿ ನೋಡಿದ 2017ರ ಅಧ್ಯಯನದಲ್ಲಿ ಅದು 82ಕ್ಕೆ ಏರಿತು. ಆದ್ದರಿಂದಲೇ ಬಡಿದುಕೊಳ್ಳುತ್ತಿದ್ದೇನೆ: ಹೊಸ ಕೊಳವೆ, ಪೂರ್ತಿ 20 ನಿಮಿಷ, ಅಲುಗಿಸಬೇಡಿ!

ನಾಟಿ ಔಷಧಿಯಲ್ಲಿ ಒಂದೇ ಗಳಿಗೆಗೆ ಗುಣವಾಯಿತು ಎನ್ನುವವರಿಗೆ ಒಂದೇ ಮಾತು. ಕೇರೆಹಾವು ಕಚ್ಚಿದವನು ಯಾವ ಬೇರು ತಿಂದರೂ ಬದುಕುತ್ತಾನೆ.

ಶ್ರೀಲಂಕಾದವರು ತಮ್ಮ ಆಸ್ಪತ್ರೆಗಳಲ್ಲೇ ಇದನ್ನೆಲ್ಲ ಮಾಡಿ ತೋರಿಸಿದರು. ಹೊಸನಗರದಲ್ಲಿ, ಸಾಗರದಲ್ಲಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ರೋಗಿಗಳಿಲ್ಲವೇ? ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ವೈದ್ಯಮಿತ್ರರೇ, ಆ ವರದಿಯ ಜೊತೆಗೆ ಕೊಳವೆ ಏನು ಹೇಳಿತು, ಎಷ್ಟು ಹೊತ್ತಿಗೆ ಹೇಳಿತು ಎಂಬುದನ್ನೂ ಬರೆದಿಡಿ. ನಮ್ಮ ಹಾವುಗಳ ಬಗ್ಗೆ ನಮ್ಮ ಕ್ಯಾಶುವಾಲ್ಟಿಯಲ್ಲದೆ ಇನ್ನೆಲ್ಲಿ ಸಂಶೋಧನೆ ನಡೆಯಬೇಕು?

ಚಾನೆಲ್‌ಗೆ ಚಂದಾದಾರರಾಗಿ, ತೋಟದ ಕೆಲಸಕ್ಕೆ ಹೋಗುವವರಿಗೆಲ್ಲ ಈ ವಿಡಿಯೊ ಕಳುಹಿಸಿ. ನಿಮ್ಮ ತಾಲೂಕು ಆಸ್ಪತ್ರೆಗೆ ಹೋದಾಗ ಒಣ ಗಾಜಿನ ಕೊಳವೆ ಇದೆಯೇ ಎಂದು ಕೇಳಿ. ಇಲ್ಲ ಎಂದರೆ ಆಡಳಿತ ವೈದ್ಯಾಧಿಕಾರಿಗೆ ಇಂದೇ ಅರ್ಜಿ ಬರೆಯಿರಿ, ಪ್ರತಿಯನ್ನು ನನಗೂ ಕಳುಹಿಸಿ. ಮುಂದಿನ ವಾರ ಮಂಗನ ಕಾಯಿಲೆ.