ದೊಡ್ಡಪ್ಪ ಪಾಡ್‌ಕಾಸ್ಟಿಗೆ ರೆಡಿ ಆಗಿದ್ದು

ನಮಸ್ಕಾರ ಎಲ್ರಿಗೂ. ಈಗ ಸ್ಕ್ರೀನ್ ಮೇಲೆ ಕಾಣ್ತಿರೋ ಗೆರೆ ನೋಟ್‌ಬುಕ್ ನಮ್ಮ ದೊಡ್ಡಪ್ಪನದು. ಸ್ವಲ್ಪ ಝೂಮ್ ಮಾಡ್ತೀನಿ, ಅಕ್ಷರ ಎಷ್ಟು ದುಂಡಗಿದೆ ನೋಡಿ. ಮೊದಲ ಸಾಲು ಓದ್ತೀನಿ: "ದಾವಣಗೆರೆ ನಗರವು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಪ್ರಸಿದ್ಧಿ ಪಡೆದಿದ್ದು, ಇಲ್ಲಿನ ಹತ್ತಿ ಗಿರಣಿಗಳು ನಾಡಿನ ಅಭಿವೃದ್ಧಿಗೆ ಅಪಾರ ಕೊಡುಗೆ ನೀಡಿರುತ್ತವೆ." ಇದೇ ಧಾಟಿಯಲ್ಲಿ ಪುಟಗಟ್ಟಲೆ ಇದೆ. ಕೊನೆಗೆ "ಜೈ ಹಿಂದ್, ಜೈ ಕರ್ನಾಟಕ" ಅಂತಾನೂ ಬರೆದಿಟ್ಕೊಂಡಿದ್ದಾರೆ.

ವಿಷಯ ಏನಪ್ಪಾ ಅಂದ್ರೆ, ದೊಡ್ಡಪ್ಪನಿಗೆ ಒಂದು ಕನ್ನಡ ಪಾಡ್‌ಕಾಸ್ಟಿನಿಂದ ಕರೆ ಬಂದಿತ್ತು. ಬೆಂಗಳೂರಿನ ಇಬ್ಬರು ಹುಡುಗರು ನಡೆಸ್ತಾರೆ. ಮೈಬಗ್ಗಿಸಿ ದುಡಿದವರನ್ನ ಕೂರಿಸಿಕೊಂಡು ಅವರ ಕೆಲಸದ ಬಗ್ಗೆ ಮಾತಾಡಿಸೋದು ಅವರ ಕಾರ್ಯಕ್ರಮ. ದೊಡ್ಡಪ್ಪ ಇಲ್ಲಿನ ಒಂದು ಕಾಟನ್ ಮಿಲ್ಲಿನಲ್ಲಿ ರಿಂಗ್ ಫ್ರೇಮ್ ಅನ್ನೋ ನೂಲುವ ಮಶೀನಿನ ಮುಂದೆ ನಿಂತು ನೂಲು ತೆಗೆದವರು, ಮಿಲ್ಲು ಬಾಗಿಲು ಹಾಕೋವರೆಗೂ ಅಲ್ಲೇ ಇದ್ದವರು. "ಬಸ್ಸಿನಾಗೆ ಅಷ್ಟು ದೂರ ನನ್ ಕೈಲಾಗಲ್ಲ ಕಣವ್ವ" ಅಂದಿದ್ದಕ್ಕೆ, ದಾವಣಗೆರೆ ಮನೆಯಿಂದಲೇ ಆನ್‌ಲೈನಲ್ಲಿ ರೆಕಾರ್ಡ್ ಮಾಡೋಣ ಅಂತ ತೀರ್ಮಾನ ಆಯ್ತು. ನಾನು ಬೇರೆಯವರ ಆಡಿಯೋ ಎಡಿಟ್ ಮಾಡಿ ಹೊಟ್ಟೆ ಹೊರೆಯೋಳು. ಹಂಗಾಗಿ ತಯಾರಿ ಜವಾಬ್ದಾರಿ ನನ್ನ ತಲೆಗೆ ಬಂತು.

ನೋಟ್‌ಬುಕ್ ನೋಡಿ ನಗಬೇಡಿ. 1935ರಲ್ಲೇ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ, ಅದಕ್ಕೆ ಆಕಾಶವಾಣಿ ಅನ್ನೋ ಹೆಸರು ಬಂದ ನಾಡು ನಮ್ಮದು. ದೊಡ್ಡಪ್ಪನ ತಲೆಮಾರಿಗೆ ರೇಡಿಯೋ ಅಂದ್ರೆ ಒಂದು ಶಿಸ್ತು. ಚಿತ್ರದುರ್ಗ ಆಕಾಶವಾಣಿ ಕೇಳ್ಕೊಂಡು ಬಂದ ಕಿವಿ ಅದು. ಭಾಷಣ ಅಂದ್ರೆ ಬರೀಬೇಕು, ಗಡಿಯಾರ ನೋಡ್ಕೊಂಡು ಓದಬೇಕು, ಅಷ್ಟೇ. ಆದರೆ ಪಾಡ್‌ಕಾಸ್ಟ್‌ನಲ್ಲಿ ಬರೆದದ್ದು ಓದಿದ್ರೆ ಮೊದಲ ನಿಮಿಷದಲ್ಲೇ ಗೊತ್ತಾಗಿಬಿಡುತ್ತೆ. ದನಿ ಒಂದೇ ಸಮ ಆಗುತ್ತೆ, ಉಸಿರು ತಪ್ಪು ಜಾಗದಲ್ಲಿ ಬೀಳುತ್ತೆ, ಪುಟ ತಿರುವೋ ಸದ್ದು ಬೇರೆ. ಕೇಳೋರು ಪಾತ್ರೆ ತೊಳೀತಾ ಇರ್ತಾರೆ, ಗಾಡಿ ಓಡಿಸ್ತಾ ಇರ್ತಾರೆ. "ಅಪಾರ ಕೊಡುಗೆ" ಅನ್ನೋ ಮಾತು ಅವರ ಕಿವಿ ಮೇಲೆ ಹಾದುಹೋಗುತ್ತೆ, ಒಳಗಿಳಿಯಲ್ಲ.

ನಾನು ಮೊದಲು ಮಾಡಿಸಿದ್ದು ಬರೆಸೋದಲ್ಲ, ಕೇಳಿಸೋದು. ಆ ಹುಡುಗರ ಹಳೇ ಕಂತುಗಳನ್ನ ಊಟ ಆದ್ಮೇಲೆ ಹಾಕಿ ಕೂರಿಸ್ದೆ. ಅತಿಥಿಗಳ ಮಾತಿಗಿಂತ ಪ್ರಶ್ನೆ ಕೇಳೋ ಹುಡುಗರ ಅಭ್ಯಾಸ ಗಮನಿಸಿ ಅಂದೆ. ಒಬ್ಬ ಮಧ್ಯೆ ಬಾಯಿ ಹಾಕಲ್ಲ, ಇನ್ನೊಬ್ಬ ಪ್ರತಿ ಸಲ "ಒಂದು ಉದಾಹರಣೆ ಕೊಡಿ" ಅಂತಾನೆ. ಅಷ್ಟು ಗೊತ್ತಾದ್ರೆ ಅರ್ಧ ತಯಾರಿ ಮುಗೀತು. ಆಮೇಲೆ ಅವರಿಗೆ ಫೋನ್ ಹಚ್ಚಿ ಕೇಳಿದ್ವಿ: ಎಷ್ಟು ಹೊತ್ತು, ವಿಡಿಯೋನೂ ಇರುತ್ತಾ, ಎಡಿಟ್ ಮಾಡ್ತೀರಾ ಇಲ್ಲಾ ಲೈವಾ, ಕೇಳೋರು ಯಾರು. ಹೆಚ್ಚಿನವರು ಮಿಲ್ಲಿನೊಳಗೆ ಕಾಲಿಡದ ವಯಸ್ಸಿನವರು ಅಂತ ಗೊತ್ತಾಯ್ತು. ಸುಮ್ನೆ ಬೇಕಾ ಇದೆಲ್ಲ ಅಂದ್ಕೋಬೇಡಿ. "ಕಾರ್ಡಿಂಗು, ಸಿಂಪ್ಲೆಕ್ಸು, ಡಾಫಿಂಗು" ಅಂತ ದೊಡ್ಡಪ್ಪ ಒಂದೇ ಉಸಿರಿಗೆ ಹೇಳ್ತಾರೆ. ಕೇಳೋರಿಗೆ ಅದು ಏನೂ ಅಲ್ಲ.

ಈಗ ಕಾಣ್ತಿರೋದು ಕುಂದವಾಡ ಕೆರೆ ಏರಿ, ಬೆಳಗಿನ ವಾಕಿಂಗ್. ನಿಜವಾದ ತಯಾರಿ ನಡೆದದ್ದು ಇಲ್ಲೇ. ನೋಟ್‌ಬುಕ್ ಮನೇಲೇ ಬಿಟ್ಟು ಬನ್ನಿ ಅಂದೆ, ಫೋನಲ್ಲಿ ರೆಕಾರ್ಡರ್ ಆನ್ ಮಾಡಿ ಜೇಬಲ್ಲಿ ಹಾಕ್ಕೊಂಡೆ. "ನೂಲು ತುಂಡಾದ್ರೆ ಏನ್ ಮಾಡ್ತಿದ್ರಿ ದೊಡ್ಡಪ್ಪ?" ಅಂತ ಕೇಳ್ದೆ.

"ಹಿಂಗೆ ಹಿಡಕೊಂಡು ಹಿಂಗೆ ಹಚ್ಚೋದು, ಅಷ್ಟೇ" ಅಂತ ಕೈ ಆಡಿಸಿ ತೋರಿಸಿದ್ರು.

ನೋಡಿ, ಸಮಸ್ಯೆ ಇರೋದೇ ಇಲ್ಲಿ. ಆ ಎರಡು ಬೆರಳಲ್ಲಿ ಇಡೀ ವಿದ್ಯೆ ಇದೆ, ಆದರೆ ಕಿವಿಗೆ ಕೈ ಕಾಣಲ್ಲ. "ಕಣ್ಣಿಲ್ಲದೋರಿಗೆ ಹೇಳ್ತಿದ್ದೀನಿ ಅಂದ್ಕೊಂಡು ಹೇಳಿ" ಅಂದೆ. ಏರಿ ಮೇಲೆ ನಿಂತೇಬಿಟ್ರು. ಆಮೇಲೆ ಬಂದ ಮಾತು ಇದು: "ಫ್ರೇಮಿನ ಉದ್ದಕ್ಕೂ ನೂರಾರು ಕದಿರು ತಿರುಗ್ತಿರ್ತಾವೆ. ಒಂದು ನೂಲು ತುಂಡಾಯ್ತು ಅಂದ್ರೆ ಮಶೀನು ನಿಲ್ಸಂಗಿಲ್ಲ. ಆ ಒಂದು ಕದಿರಿಗೆ ಮಾತ್ರ ಮೊಣಕಾಲಲ್ಲಿ ಬ್ರೇಕ್ ಒತ್ತಬೇಕು. ನೂಲು ಸುತ್ಕೊಂಡಿರೋ ಬಾಬಿನ್ ಮೇಲಕ್ಕೆತ್ತಿ, ತುದಿ ಹುಡುಕಿ ಎಳೆದು, ರಿಂಗಿನ ಮೇಲಿರೋ ಟ್ರಾವೆಲರ್ ಅನ್ನೋ ಸಣ್ಣ ಕೊಂಡಿಯೊಳಗೆ ತೂರಿಸ್ಬೇಕು. ಬಾಬಿನ್ ವಾಪಸ್ ಕೂರಿಸಿ, ಮೇಲೆ ರೋಲರಿಂದ ಹತ್ತಿ ಎಳೆ ಬರ್ತಿರ್ತೈತಲ್ಲ, ಅದಕ್ಕೆ ಈ ತುದಿ ಸೋಕಿಸ್ಬೇಕು. ಗಂಟು ಹಾಕಂಗಿಲ್ಲ. ತಿರುಚಿಗೇ ಎರಡೂ ಕೂಡ್ಕೊಂತಾವೆ. ಕಲಿಯೋವರೆಗೂ ಬೆರಳು ಸುಟ್ಟಂಗಾಗ್ತಿತ್ತು."

ಗಂಟು ಹಾಕಂಗಿಲ್ಲ! ಇಷ್ಟು ವರ್ಷ ಅವರ ಜೊತೆ ಇದ್ದೀನಿ, ನನಗೇ ಗೊತ್ತಿರಲಿಲ್ಲ. ನೋಟ್‌ಬುಕ್ಕಿನ ಪುಟಗಳಲ್ಲೂ ಈ ಸಂಗತಿ ಇರಲಿಲ್ಲ, ಯಾಕಂದ್ರೆ ಅವರ ಪ್ರಕಾರ ಇದು "ಹೇಳೋಂಥದ್ದೇನಲ್ಲ". ಒಳ್ಳೆ ಅತಿಥಿಗಳಲ್ಲಿ ನಾನು ಕಂಡಿರೋ ತೊಂದರೆ ಇದೇ. ತಮಗೆ ತೀರಾ ಸಲೀಸಾದದ್ದನ್ನ ಬಿಟ್ಟು, ಎಲ್ಲರೂ ಹೇಳೋದನ್ನ ಹೇಳಕ್ಕೆ ಹೋಗ್ತಾರೆ. ತಯಾರಿ ಅಂದ್ರೆ ಉತ್ತರ ಬಾಯಿಪಾಠ ಮಾಡೋದಲ್ಲ, ಹೇಳೋಂಥದ್ದಲ್ಲ ಅಂತ ಬದಿಗಿಟ್ಟದ್ದನ್ನ ಹುಡುಕಿ ತೆಗೆಯೋದು. ಅದಕ್ಕೆ ಪಕ್ಕದಲ್ಲಿ ಒಬ್ಬರು ದಡ್ಡ ಪ್ರಶ್ನೆ ಕೇಳೋರು ಬೇಕು. ಮನೇಲಿ ಮಕ್ಕಳಿದ್ರೆ ಅವರೇ ಸಾಕು.

ಇನ್ನೊಂದು ಸಿಕ್ಕಿದ್ದು ಮಂಡಕ್ಕಿ ಅಂಗಡಿ ಮುಂದೆ. ಮಿರ್ಚಿ ಬಿಸಿ ಇತ್ತು, ಆರಲಿ ಅಂತ ಕಾಯ್ತಿದ್ವಿ. ನಲವತ್ತು ಕೌಂಟ್, ಅರವತ್ತು ಕೌಂಟ್ ಅಂತಾರಲ್ಲ, ಹಂಗಂದ್ರೇನು ಅಂತ ಕೇಳ್ದೆ. ಒಂದು ಪೌಂಡ್ ತೂಕದಲ್ಲಿ 840 ಗಜದ ಲಡಿ ಎಷ್ಟು ಬರ್ತಾವೋ ಅದೇ ಕೌಂಟು ಅಂದ್ರು. ನೂಲು ತೆಳುವಾದಷ್ಟೂ ಕೌಂಟ್ ಜಾಸ್ತಿ. ಅಲ್ಲೇ ಫೋನ್ ತೆಗೆದು ಗುಣಿಸ್ದೆ: 40 ಕೌಂಟ್ ಆದ್ರೆ 33,600 ಗಜ, ಅಂದ್ರೆ 30 ಕಿಲೋಮೀಟರ್ ಮೇಲಾಯ್ತು. ದೊಡ್ಡಪ್ಪ ಒಂದು ಕ್ಷಣ ಸುಮ್ಮನಿದ್ದು, "ಹಂಗಾರೆ ಒಂದು ಕೆಜಿ ನೂಲು ಬಿಚ್ಕೊಂತಾ ಹೋದ್ರೆ ದುರ್ಗ ಮುಟ್ಟಬಹುದು ಕಣವ್ವ" ಅಂದ್ರು. ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿಲೋಮೀಟರ್. ಕೆಜಿ ಅಂದ್ರೆ ಎರಡು ಪೌಂಡಿಗಿಂತ ಸ್ವಲ್ಪ ಜಾಸ್ತಿ, ಹಂಗಾಗಿ ಲೆಕ್ಕ ಸರಿಹೋಗುತ್ತೆ, ಸ್ವಲ್ಪ ಮಿಗುತ್ತೆ ಕೂಡ. ಕೆಜಿ ಸಕ್ಕರೆ ಪೊಟ್ಟಣದಷ್ಟು ತೂಕದ ದಾರ ಇಲ್ಲಿಂದ ಕೋಟೆ ಬಾಗಿಲವರೆಗೆ! "ಇದನ್ನ ಹೇಳಿ, ದಯವಿಟ್ಟು ಹೇಳಿ" ಅಂತ ಕೈ ಮುಗಿದೆ. ಮ್ಯಾಂಚೆಸ್ಟರ್ ಮರೆತುಹೋಗುತ್ತೆ, ಇದು ಮರೆಯಲ್ಲ.

ಇಸವಿ, ಹೆಸರುಗಳ ವಿಷಯಕ್ಕೆ ಬರೋಣ. ಹುಡುಗರು ಮೊದಲೇ ಕಳಿಸಿದ್ದ ಪ್ರಶ್ನೆಗಳಲ್ಲಿ "ಎಂಬತ್ತರ ದಶಕದ ದಾವಣಗೆರೆ ಜಿಲ್ಲೆ ಹೇಗಿತ್ತು" ಅಂತಿತ್ತು. ಆಗ ಇದು ಜಿಲ್ಲೆಯೇ ಅಲ್ಲ, ಚಿತ್ರದುರ್ಗ ಜಿಲ್ಲೆಯ ತಾಲೂಕು. ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗ, 1997ರಲ್ಲಿ ಬೇರೆ ಜಿಲ್ಲೆ ಆಗಿದ್ದು. ರೆಕಾರ್ಡಿಂಗ್ ಮಧ್ಯೆ "ತಪ್ಪು" ಅಂದ್ರೆ ಕೇಳ್ದವನಿಗೆ ಇರುಸುಮುರುಸು. ಹಿಂದಿನ ದಿನವೇ ಒಂದು ಮೆಸೇಜ್ ಹಾಕಿಸ್ದೆ, ಪ್ರಶ್ನೆ ಸರಿಯಾಯ್ತು. ಅತಿಥಿ ಮಾಡಬಹುದಾದ ದೊಡ್ಡ ಉಪಕಾರ ಇದು, ಯಾರೂ ಮಾಡಲ್ಲ.

ಕಷ್ಟ ಇದ್ದದ್ದು ಬೇರೆ ಕಡೆ. ಮಿಲ್ಲು ಮುಚ್ಚಿದ್ದರ ಬಗ್ಗೆ ಕೇಳೇ ಕೇಳ್ತಾರೆ. ಬಾಕಿ ದುಡ್ಡಿನ ಜಗಳ ಇತ್ತು, ಜೊತೆಗಾರರೊಬ್ಬರ ಮನೆ ಸಂಸಾರದ ಕಥೆನೂ ಅದರಲ್ಲಿ ಸೇರ್ಕೊಂಡಿದೆ. ಏನು ಹೇಳ್ತೀರಿ, ಏನು ಹೇಳಲ್ಲ ಅಂತ ಮೊದಲೇ ಗಟ್ಟಿ ಮಾಡ್ಕೊಳ್ಳಿ ಅಂದೆ. ತಮ್ಮದು ಹೇಳಬಹುದು, ಜೊತೆಗಾರರದ್ದು ಅವರನ್ನ ಕೇಳದೆ ಹೇಳಂಗಿಲ್ಲ. ಒಂದು ಸಲ ಅಪ್‌ಲೋಡ್ ಆದ್ರೆ ಊರೆಲ್ಲ ವಾಟ್ಸಾಪಲ್ಲಿ ತಿರುಗುತ್ತೆ. ದೊಡ್ಡಪ್ಪ ಯೋಚನೆ ಮಾಡಿ, "ದುಡ್ಡಿನ ವಿಷಯ ಬ್ಯಾಡ. ಕಡೇ ದಿನ ಸೈರನ್ ಹೊಡೀಲಿಲ್ಲ, ಅದನ್ನ ಹೇಳ್ತೀನಿ" ಅಂದ್ರು. ಹುಡುಗರಿಗೂ ಫೋನಲ್ಲೇ ತಿಳಿಸಿದ್ರು. ಅವರೂ ಒಪ್ಕೊಂಡ್ರು.

ಈಗ ನನ್ನ ಇಷ್ಟದ ಭಾಗ, ಸದ್ದು. ಈ ಕೋಣೆ ನೋಡಿ, ಮನೆಯ ಹಾಸಿಗೆ, ಕಂಬಳಿ, ಸೀರೆ ಬೀರು ಎಲ್ಲ ಇರೋ ಚಿಕ್ಕ ಕೋಣೆ. ನಡುಮನೆ ಚೆನ್ನಾಗಿ ಕಾಣುತ್ತೆ, ಆದರೆ ಟೈಲ್ಸು, ಖಾಲಿ ಗೋಡೆ. ಮಾತು ಬಾವಿಯಿಂದ ಬಂದಂಗೆ ಕೇಳುತ್ತೆ. ಬಟ್ಟೆ ಇರೋ ಕಡೆ ದನಿ ಮೆತ್ತಗಾಗುತ್ತೆ. ಫ್ಯಾನ್ ಬಂದ್. ಕುಕ್ಕರ್ ಇಡಬೇಡಿ ಅಂತ ದೊಡ್ಡಮ್ಮನಿಗೆ ಕೈ ಮುಗಿದಾಯ್ತು. ರೈಲಿನ ಹಾರನ್ ಮಾತ್ರ ನಮ್ಮ ಕೈಲಿಲ್ಲ. ಬಂದ್ರೆ ಮಾತು ನಿಲ್ಸಿ, ಹೋದ್ಮೇಲೆ ಆ ವಾಕ್ಯವನ್ನ ಮೊದಲಿಂದ ಹೇಳಿ ಅಂದೆ. ಅರ್ಧದಿಂದ ಮುಂದುವರಿಸಿದ್ರೆ ಕತ್ತರಿಸೋಕೆ ಜಾಗ ಸಿಗಲ್ಲ.

ಮೈಕು ಬಾಯಿಂದ ಎಷ್ಟು ದೂರ? ಮುಷ್ಟಿ ಹಿಡಿದು ಹೆಬ್ಬೆರಳು ಚಾಚಿ, ಅಷ್ಟು. ನೇರ ಬಾಯಿಗಲ್ಲ, ಸ್ವಲ್ಪ ಓರೆ. ಅಂಗೈ ಬಾಯ ಮುಂದೆ ಹಿಡಿದು "ಅಪ್ಪ", "ಭತ್ತ" ಅಂದು ನೋಡಿ, ಗಾಳಿ ಬಡಿಯುತ್ತಲ್ಲ, ಅದೇ ಮೈಕಿಗೆ ಬಡಿದ್ರೆ ಧಬ್ ಅಂತ ಕೇಳುತ್ತೆ. ಬ್ಲೂಟೂತ್ ಇಯರ್‌ಬಡ್ ಬೇಡ, ಅದರ ಮೈಕ್ ಬಳಸಿದ ಕೂಡಲೇ ದನಿ ಫೋನ್ ಕರೆ ಥರ ಕುಗ್ಗಿಬಿಡುತ್ತೆ. ವೈರಿನದ್ದೇ ಹಾಕಿಸ್ದೆ. ಇನ್ನೊಂದು ಜಾಣತನ ಹುಡುಗರದ್ದು: ಇಬ್ಬರ ಕಡೆಯೂ ಅವರವರ ಲ್ಯಾಪ್‌ಟಾಪಲ್ಲೇ ಬೇರೆ ಬೇರೆ ರೆಕಾರ್ಡ್ ಆಗಿ, ಆಮೇಲೆ ಕೂಡಿಸ್ತಾರೆ. ನಮ್ಮ ನೆಟ್‌ವರ್ಕ್ ಮಧ್ಯೆ ಕೈಕೊಟ್ರೂ ಮಾತು ಹಾಳಾಗಲ್ಲ.

ನಾನು ಅಂದಾಜು ಮಾಡದೇ ಇದ್ದ ಒಂದು ತೊಂದರೆ ಎದುರಾಯ್ತು. ರಿಂಗ್ ಫ್ರೇಮಿನ ಗದ್ದಲದಲ್ಲಿ ಕೂಗಿ ಮಾತಾಡಿದ ಗಂಟಲು ಅದು. ಟೆಸ್ಟಿಂಗ್ ಮಾಡ್ದಾಗ ಮೀಟರ್ ಕೆಂಪು ಬಿಟ್ಟು ಕೆಳಗಿಳೀಲೇ ಇಲ್ಲ. "ಮೆತ್ತಗೆ ಮಾತಾಡಿ" ಅಂದ್ರೆ ಗೊಣಗ್ತಾರೆ, ಕಥೆ ರಂಗೇರಿದ್ರೆ ಮತ್ತೆ ಕೂಗ್ತಾರೆ. ಕೊನೆಗೆ ಮೈಕಿನ ಲೆವೆಲ್ ಇಳಿಸಿ ಅವರನ್ನ ಅವರ ಪಾಡಿಗೆ ಬಿಟ್ಟೆ. ಸಣ್ಣ ದನಿ ಏರಿಸಬಹುದು, ಸೀಳಿದ ದನಿ ಸರಿ ಮಾಡೋಕಾಗಲ್ಲ. ಆ ಜೋರೇ ಅವರ ಗುರುತು, ಅದನ್ನ ಕಳಕೊಂಡು ಯಾರಿಗೆ ಬೇಕು ಪಾಡ್‌ಕಾಸ್ಟು.

ರೆಕಾರ್ಡಿಂಗ್ ದಿನ ಗರಿಗರಿ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದ್ರು, ಕೈ ಎತ್ತಿದ್ರೆ ಸರಸರ. ಹಳೇ ಬನಿಯನ್ನು, ಮೇಲೊಂದು ಕಾಟನ್ ಅಂಗಿ ಹಾಕಿಸ್ದೆ. ನೀರಿನ ಲೋಟ ಪಕ್ಕಕ್ಕೆ ಇಟ್ಟೆ. ಟೇಬಲ್ ಮೇಲೆ ಟವೆಲ್ ಹಾಸ್ದೆ, ಯಾಕಂದ್ರೆ ಮಾತಿನ ಮಧ್ಯೆ ಟಪ್ ಅಂತ ತಟ್ಟೋ ಅಭ್ಯಾಸ ಅವರಿಗೆ. ಮೊದಲ ಪ್ರಶ್ನೆಗೆ "ಹೌದ್ರಿ" ಅಂದು ಸುಮ್ನಾದ್ರು. ನಾನು ಕಣ್ಸನ್ನೆ ಮಾಡ್ದೆ. ಪ್ರಶ್ನೆಯನ್ನೂ ಉತ್ತರದೊಳಗೆ ಸೇರಿಸಿ ಹೇಳಿ ಅಂತ ಹೇಳಿಕೊಟ್ಟಿದ್ದೆ, ಆಮೇಲೆ ಒಂದು ನಿಮಿಷದ ರೀಲ್ ಕತ್ತರಿಸಿದ್ರೂ ಅರ್ಥ ಆಗ್ಲಿ ಅಂತ. ಎರಡನೇ ಪ್ರಶ್ನೆಯಿಂದ ಹಿಡಿತಕ್ಕೆ ಬಂತು: "ಮಿಲ್ಲಿನೊಳಗೆ ಬಿಸಿಲುಗಾಲದಾಗೂ ಯಾಕೆ ಹಬೆ ಹಬೆ ಇರ್ತಿತ್ತು ಅಂದ್ರೆ, ಗಾಳಿ ಒಣಗಿದ್ರೆ ನೂಲು ತುಂಡಾಗ್ತಿತ್ರೀ, ಅದಕ್ಕೆ ನೀರು ಸಿಂಪಡಿಸ್ತಿದ್ರು..."

ನೂಲು ದುರ್ಗ ಮುಟ್ಟಿದ ಲೆಕ್ಕಕ್ಕೆ ಆ ಕಡೆ ಹುಡುಗರಿಬ್ಬರೂ ನಕ್ಕು ಸುಮ್ಮನಾಗಲೇ ಇಲ್ಲ.

ಮುಗಿದ ಮೇಲೆ ಅವರು ಮಾಮೂಲಿ ಪ್ರಶ್ನೆ ಕೇಳಿದ್ರು, ನಿಮ್ಮ ಕಡೆ ಮಾತಾಡೋರು ಇನ್ಯಾರಾದ್ರೂ ಇದಾರಾ ಅಂತ. ದೊಡ್ಡಪ್ಪ ಕೋನ್ ವೈಂಡಿಂಗಿನಲ್ಲಿ, ಅಂದ್ರೆ ನೂಲನ್ನ ಕೋನಿಗೆ ಸುತ್ತೋ ಕಡೆ, ದುಡಿದ ಒಬ್ಬ ಅಜ್ಜಿಯ ಹೆಸರು ಹೇಳಿದ್ರು, ನಂಬರ್ ಮಾತ್ರ ಕೊಡಲಿಲ್ಲ, ಅವರನ್ನ ಕೇಳಿ ಕೊಡ್ತೀನಿ ಅಂದ್ರು. ನಾನಿನ್ನೂ ವೈರ್ ಸುತ್ತಿಡ್ತಿದ್ದೆ, ಆಗಲೇ ಆ ಅಜ್ಜಿಗೆ ಫೋನ್ ಹಚ್ಚಿ ಎಂದಿನ ಗಂಟಲಲ್ಲಿ ಶುರು ಮಾಡಿದ್ರು: "ಅಕ್ಕಾ, ಬರೆದುಕೊಂಡು ಏನೂ ಕೂರಬ್ಯಾಡ. ಬಳೆ ತೆಗೆದಿಡು. ಕೈ ತೋರಿಸಿ ಹೇಳಿದ್ರೆ ನಡೆಯಂಗಿಲ್ಲ, ಬಾಯಲ್ಲೇ ಹೇಳ್ಬೇಕು!"