ಅಡಿಕೆ ಚಪ್ಪರದ ಕೆಳಗೊಂದು ಮದುವೆ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಶುಕ್ರವಾರ. ಇನ್ನು ಒಂಬತ್ತು ದಿನಕ್ಕೆ, ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ, ನಮ್ಮ ಒಬ್ಬಳೇ ಮಗಳ ಮದುವೆ. ಕಲ್ಯಾಣ ಮಂಟಪ ಇಲ್ಲ. ಪುರೋಹಿತರಿಲ್ಲ. ಜಾತಕ, ಮುಹೂರ್ತ ನೋಡಿಲ್ಲ. ಧಾರೆ ಎರೆಯುವುದಿಲ್ಲ. ಕುವೆಂಪು ಅವರು ತೋರಿಸಿಕೊಟ್ಟ ಮಂತ್ರ ಮಾಂಗಲ್ಯದ ರೀತಿಯಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಅಂಗಳದಲ್ಲೇ ಮದುವೆ.

ಮಂತ್ರ ಮಾಂಗಲ್ಯದ ಬಗ್ಗೆ ಓದಿದವರು ಬೇಕಾದಷ್ಟಿದ್ದಾರೆ. ಭಾಷಣ ಮಾಡಿದವರೂ ಇದ್ದಾರೆ. ಆದರೆ ಅಂಥ ಮದುವೆ ಮಾಡಲು ಹೊರಟ ಮನೆಯಲ್ಲಿ ದಿನ ಬೆಳಗಾದರೆ ಏನೇನು ನಡೆಯುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅದನ್ನೇ ನಿಮ್ಮ ಹತ್ತಿರ ಹೇಳೋಣ ಅಂತ ಬಂದಿದ್ದೇನೆ.

ಹುಡುಗ ಧಾರವಾಡದ ಕಡೆಯವನು. ಜಾತಿ ಬೇರೆ. ಇಬ್ಬರೂ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾರೆ. ಮಗಳು ವಿಷಯ ಹೇಳಿದ ದಿನ ನಮ್ಮ ಯಜಮಾನರು ಒಂದೇ ಪ್ರಶ್ನೆ ಕೇಳಿದರು. "ಕಾನೂನಿನ ಪ್ರಕಾರ ಗಟ್ಟಿ ಇರುತ್ತಾ?" ಅವರು ಜಮೀನಿನ ಕಾಗದಪತ್ರಕ್ಕಾಗಿ ಜೀವನವಿಡೀ ಓಡಾಡಿದವರು. ಕಾಗದ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಪ್ರಶ್ನೆ ಸರಿಯಾಗಿಯೇ ಇತ್ತು. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮದುವೆ ಆಗಬೇಕಾದರೆ, ಗಂಡಿನ ಕಡೆಯದೋ ಹೆಣ್ಣಿನ ಕಡೆಯದೋ ರೂಢಿಯ ಶಾಸ್ತ್ರಗಳು ನಡೆಯಲೇಬೇಕು. ಶಾಸ್ತ್ರ ನಡೆಯದೆ ಬರೀ ಪ್ರಮಾಣಪತ್ರ ಮಾಡಿಸಿಕೊಂಡರೆ ಆ ಕಾಯ್ದೆಯಡಿ ಮದುವೆ ಆದ ಹಾಗಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ನಮ್ಮಲ್ಲಿ ಆ ಶಾಸ್ತ್ರಗಳೇ ಇಲ್ಲವಲ್ಲ. ಹಾಗಾಗಿ 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ಹಿಡಿದೆವು. ಅದರಲ್ಲಿ ಮೊದಲು ನೋಟಿಸು ಕೊಡಬೇಕು. ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಾರೆ. 30 ದಿನ ಕಾಯಬೇಕು. ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗಬೇಕು. ಮೂರು ಜನ ಸಾಕ್ಷಿ ಬೇಕು.

ಇನ್ನೊಂದು ನಿಯಮವೂ ಇದೆ. ನೋಟಿಸಿಗೆ ಮೊದಲು ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರಬೇಕು. ಈ ನಿಯಮ ನಮ್ಮ ಮನೆಗೆ ದೊಡ್ಡ ಉಪಕಾರ ಮಾಡಿತು. ಓದಿಗೆ ಅಂತ ಹದಿನೇಳನೇ ವಯಸ್ಸಿಗೆ ಮನೆ ಬಿಟ್ಟ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದಳು. ಬಂದಿದ್ದು ಅಡಿಕೆ ಕೊಯ್ಲಿನ ಹೊತ್ತಿಗೆ.

ಮಲೆನಾಡಿನವರಿಗೆ ಕೊಯ್ಲೆಂದರೆ ಏನೆಂದು ಗೊತ್ತು. ಹಗಲು ಕೊನೆಗಾರರು ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುತ್ತಾರೆ. ರಾತ್ರಿ ಸುಲಿಯುವ ಕೆಲಸ. ಜಗುಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತರೆ ಹತ್ತು ಗಂಟೆ, ಹನ್ನೊಂದು ಗಂಟೆ. ಆಚೆ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಚೊಗರಿನ ವಾಸನೆ ಮನೆಯೆಲ್ಲಾ ತುಂಬಿರುತ್ತದೆ. ಕೈಗೆ ಕೆಲಸ ಇರುತ್ತದೆ, ಬಾಯಿ ಖಾಲಿ ಇರುತ್ತದೆ. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಎದುರೆದುರು ಕೂತು ಆಡಲಾಗದ ಮಾತೆಲ್ಲ ಅಲ್ಲಿ ಸಲೀಸಾಗಿ ಬರುತ್ತದೆ. ಈ ಮದುವೆ ನಿಜವಾಗಿ ನಿಶ್ಚಯವಾದದ್ದು ಆ ರಾತ್ರಿಗಳಲ್ಲಿ.

ಮೊದಲು ಬಂದದ್ದು ಧಾರೆಯ ಮಾತು. ಅದು ಬೇಡ ಎಂದು ಮಗಳು ಹೇಳಿದಾಗ ನನಗೆ ತಡೆದುಕೊಳ್ಳಲು ಆಗಲಿಲ್ಲ. ನನಗೆ ಧಾರೆ ಎರೆಯುವಾಗ ನನ್ನಪ್ಪನ ಕೈ ನಡುಗಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಮಗಳಿಗೆ ಅದು ಇಲ್ಲವಾ ಅನ್ನಿಸಿತು. ಆಗ ಅವಳು ಕತ್ತಿಯ ಮೇಲಿಂದ ಕಣ್ಣೆತ್ತದೆ ಕೇಳಿದಳು: "ಅಮ್ಮ, ನೀವು ನನ್ನನ್ನು ಕೊಟ್ಟುಬಿಟ್ಟರೆ, ಆಮೇಲೆ ಈ ಮನೆಗೆ ಬರೋಕೆ ನಾನು ಯಾರನ್ನ ಕೇಳ್ಬೇಕು?"

ನಾನು ಸುಮ್ಮನಾದೆ. ಮದುವೆಯಾದ ಮೊದಲ ವರ್ಷಗಳಲ್ಲಿ ಅಮ್ಮನಿಗೆ ಜ್ವರ ಎಂದು ಕಾಗದ ಬಂದರೂ ತವರಿಗೆ ಹೋಗಲು ನಾನು ಮೂರು ಜನರನ್ನು ಕೇಳಬೇಕಿತ್ತು. ಆ ಮೂವರಲ್ಲಿ ಒಬ್ಬರು, ನಮ್ಮ ಅತ್ತೆ, ಅವತ್ತು ಪಕ್ಕದಲ್ಲೇ ಕೂತು ಅಡಿಕೆ ಸುಲಿಯುತ್ತಿದ್ದರು. ಅವರೇ ಹೇಳಿದರು: "ಅವಳು ಹೇಳೋದು ಸರಿ ಇದೆ ಕಣೆ. ನಾನೂ ಹಂಗೇ ಕೇಳ್ಕೊಂಡೇ ಹೋಗಿದ್ದು." ಎಂಬತ್ತೆರಡು ವರ್ಷದ ಹೆಂಗಸು ಆಡಿದ ಮಾತು ಅದು. ಧಾರೆಯ ವಿಷಯ ಅಲ್ಲಿಗೆ ಮುಗಿಯಿತು.

ನಮ್ಮಣ್ಣನ ವಿಷಯ ಅಷ್ಟು ಬೇಗ ಮುಗಿಯಲಿಲ್ಲ. ಅಣ್ಣ ಎಂದರೆ ಹುಡುಗಿಯ ಸೋದರಮಾವ. ಸುದ್ದಿ ಕೇಳಿದ ಮೇಲೆ ಹದಿನೈದು ದಿನ ಫೋನೇ ಮಾಡಲಿಲ್ಲ. ಜಾತಿ ಬೇರೆ ಅಂತ ಸಿಟ್ಟು ಬಂದಿದೆ ಅಂದುಕೊಂಡೆವು. ದೇವರ ಕಾರ್ಯ ಇಲ್ಲ ಅಂತ ಬೇಸರ ಅಂದುಕೊಂಡೆವು. ಕಡೆಗೆ ನಾನೇ ಹೋಗಿ ಕೇಳಿದೆ. ಅವನು ತೋಟದ ಕಡೆ ನೋಡುತ್ತಾ ಹೇಳಿದ: "ಹಾಗಾದ್ರೆ ಅವತ್ತು ನನಗೇನು ಕೆಲಸ?"

ನನಗೆ ಆಗ ಹೊಳೆಯಿತು. ನಮ್ಮ ಮದುವೆಗಳಲ್ಲಿ ಹುಡುಗಿಯನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ನನ್ನ ಮಗಳು ಹುಟ್ಟಿದ ದಿನದಿಂದ ಅವನು ಆ ಕೆಲಸಕ್ಕೆ ಕಾಯುತ್ತಿದ್ದ. ನಾವು ಒಂದು ಶಾಸ್ತ್ರ ಬೇಡ ಎಂದೆವು. ಅದರ ಜೊತೆಗೆ ಅವನ ಜಾಗವನ್ನೂ ತೆಗೆದುಹಾಕಿದ್ದೆವು. ಅದು ನಮ್ಮ ಲಕ್ಷ್ಯಕ್ಕೇ ಬಂದಿರಲಿಲ್ಲ. ಶಾಸ್ತ್ರ ಬಿಡುವುದು ಸುಲಭ, ಕೇಳುಗರೇ. ಆ ಶಾಸ್ತ್ರಕ್ಕಾಗಿ ಕಾದು ಕೂತವರ ಕೈಗೆ ಬೇರೆ ಏನು ಕೊಡುತ್ತೀರಿ ಅನ್ನುವುದೇ ಕಷ್ಟ. ಆವತ್ತಿನಿಂದ ಒಂದೊಂದನ್ನು ಬಿಡುವಾಗಲೂ ಇದು ಯಾರ ಕೆಲಸವಾಗಿತ್ತು ಎಂದು ಮೊದಲು ಕೇಳಿಕೊಳ್ಳುತ್ತಿದ್ದೇವೆ.

ಮಂತ್ರ ಮಾಂಗಲ್ಯದಲ್ಲಿ ಒಬ್ಬ ಹಿರಿಯರು ಬೇಕು. ಕುವೆಂಪು ಸಿದ್ಧಪಡಿಸಿದ ಪಾಠವನ್ನು ಅವರು ಗಟ್ಟಿಯಾಗಿ ಓದುತ್ತಾರೆ. ಹುಡುಗ ಹುಡುಗಿ ಕೇಳಿಸಿಕೊಂಡು ಪ್ರತಿಜ್ಞೆಯ ಮಾತುಗಳನ್ನು ಹೇಳುತ್ತಾರೆ. ವೇದ ಉಪನಿಷತ್ತುಗಳಿಂದ ಆಯ್ದ ಮಾತುಗಳಿವೆ, ಅರ್ಥ ಕನ್ನಡದಲ್ಲಿದೆ. ಜಾತಿಯ ಕಟ್ಟಿನಿಂದ ಬಿಡುಗಡೆ, ಗಂಡು ಹೆಣ್ಣು ಸಮ, ಯಾರೂ ಯಾರಿಗಿಂತ ಮೇಲಲ್ಲ ಕೀಳಲ್ಲ ಎಂಬ ಅರ್ಥದ ಮಾತುಗಳು. ಎಲ್ಲರಿಗೂ ಅರ್ಥವಾಗುವ ಕನ್ನಡ. ಇದನ್ನು ಓದುವವನು ನೀನೇ ಎಂದು ಅಣ್ಣನಿಗೆ ಹೇಳಿದೆವು. ಮಾತಿಲ್ಲದೆ ಕನ್ನಡಕ ಒರೆಸಿಕೊಂಡ. ಈಗ ದಿನಾ ಸಂಜೆ ಕೊಟ್ಟಿಗೆಯ ಹತ್ತಿರ ನಿಂತು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಾನಂತೆ. ಅತ್ತಿಗೆ ಫೋನಿನಲ್ಲಿ ಕೇಳಿಸಿದರು. ಒಂದು ಕಡೆ ಗಂಟಲು ಕಟ್ಟಿ ನಿಂತ. ಮತ್ತೆ ಮೊದಲಿಂದ ಶುರು ಮಾಡಿದ.

ಕುವೆಂಪು ಈ ರೀತಿಯ ಮದುವೆಯನ್ನು 1966ರಲ್ಲಿ ತಮ್ಮ ಮಗ ತೇಜಸ್ವಿ ಅವರಿಗೇ ಮೊದಲು ಮಾಡಿಸಿದರು. ರಾಜೇಶ್ವರಿ ಅವರ ಜೊತೆ. ನನಗೆ ಬಹಳ ಹಿಡಿಸುವುದು ಇದೇ. ಊರಿಗೆ ಉಪದೇಶ ಮಾಡುವ ಮೊದಲು ಸ್ವಂತ ಮನೆಯಲ್ಲಿ ಮಾಡಿ ತೋರಿಸಿದರು. ಆಮೇಲೆ 1980ರ ದಶಕದಲ್ಲಿ ರೈತ ಸಂಘದವರು ಹಳ್ಳಿ ಹಳ್ಳಿಗೆ ಸರಳ ಮದುವೆಯ ಮಾತು ತಂದರು. ಆಗ ಹಸಿರು ಶಾಲು ಹೊದ್ದು ಮೆರವಣಿಗೆಗೆ ಹೋಗುತ್ತಿದ್ದವರಲ್ಲಿ ನಮ್ಮ ಯಜಮಾನರೂ ಒಬ್ಬರು. ಕುವೆಂಪು ಅವರ ಊರು ಕುಪ್ಪಳಿ ನಮಗೆ ದೂರವಲ್ಲ, ಅಲ್ಲಿಗೇ ಬಂದು ಮಂತ್ರ ಮಾಂಗಲ್ಯ ಮಾಡಿಕೊಳ್ಳುವ ಜೋಡಿಗಳಿದ್ದಾರೆ. ಆದರೂ ನಮ್ಮ ನೆಂಟರಲ್ಲಿ ಇದು ಮೊದಲನೆಯದು. ಸಾಲ ಮಾಡಿ ಮಂಟಪ ಹಿಡಿದು, ಆ ಸಾಲ ತೀರಿಸಲು ತೋಟ ಬರೆದುಕೊಟ್ಟವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಇನ್ನು ದಿನದ ವಿಷಯ. ಮುಹೂರ್ತ ಬೇಡ ಎಂದ ಮೇಲೆ ಕೊಯ್ಲು ಮುಗಿಯುವ ಒಂದು ಭಾನುವಾರ ಅಂತ ಗುರುತು ಹಾಕಿಕೊಂಡೆವು. ಧಾರವಾಡದವರಿಗೂ ಹೇಳಿ ಆಯಿತು. ಒಂದು ವಾರದ ಮೇಲೆ ಅತ್ತೆ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತುಬಿಟ್ಟರು. ಅಲ್ಲಿ ಆ ಭಾನುವಾರದ ಚೌಕದಲ್ಲಿ ಕಪ್ಪು ಗುಂಡು. ಅಮಾವಾಸ್ಯೆ.

ಅವತ್ತು ರಾತ್ರಿ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ನಂಬಿಕೆ ಇಲ್ಲ ಎಂದು ಬಾಯಲ್ಲಿ ಹೇಳಬಹುದು. ಆದರೆ ಒಬ್ಬಳೇ ಮಗಳು ಅಲ್ವಾ, ಎದೆ ಒಳಗೆ ಎಲ್ಲೋ ಚುಳ್ ಎನ್ನುತ್ತದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಅತ್ತೆ ತಾವಾಗಿಯೇ ಮಾತು ತೆಗೆದರು. "ಅಮಾವಾಸ್ಯೆ ಅಂದ್ರೆ ಹಿರಿಯರ ದಿನ. ನಿಮ್ಮ ಮಾವನೂ ಬಂದು ಮೊಮ್ಮಗಳ ಮದುವೆ ನೋಡ್ಕೊಂಡು ಹೋಗ್ತಾರೆ ಬಿಡು. ದಿನ ಬದಲಾಯಿಸ್ಬೇಡಿ." ನಾನು ಒಲೆಯ ಕಡೆ ತಿರುಗಿ ನಿಂತು ಅತ್ತುಬಿಟ್ಟೆ.

ಅಮಾವಾಸ್ಯೆಯಿಂದ ಒಂದು ಅನುಕೂಲವೂ ಆಯಿತು. ಲಗ್ನದ ದಿನಗಳಲ್ಲಿ ಅಡುಗೆಯವರು ಸಿಗುವುದಿಲ್ಲ, ಪಾತ್ರೆ ಬಾಡಿಗೆಗೆ ಸಿಗುವುದಿಲ್ಲ, ಜೀಪಿನವರು ಹೇಳಿದ್ದೇ ರೇಟು. ಆ ಭಾನುವಾರ ಎಲ್ಲರೂ ಖಾಲಿ. ನಾವು ಕೇಳಿದ ಅಡುಗೆಯವರು ಸಂತೋಷದಿಂದ ಒಪ್ಪಿಕೊಂಡರು.

ಚಪ್ಪರದ ಚಿಂತೆಯೂ ಇಲ್ಲ. ಅಡಿಕೆ ಒಣಗಿಸಲು ಕೊಯ್ಲಿಗೆ ಮೊದಲೇ ಅಂಗಳದಲ್ಲಿ ಅಡಿಕೆ ಮರದ ಕಂಬ ನೆಟ್ಟು, ದಬ್ಬೆ ಹಾಸಿ ಚಪ್ಪರ ಹಾಕಿರುತ್ತೇವೆ. ಮೇಲಿನ ಅಡಿಕೆ ಎಲ್ಲ ಮೂಟೆಗೆ ಸೇರಿದೆ. ಅದೇ ಚಪ್ಪರಕ್ಕೆ ಮಾವಿನ ತೋರಣ, ಕಂಬಕ್ಕೆ ಸಿಂಗಾರ, ಅಂದರೆ ಅಡಿಕೆಯ ಹೂಗೊಂಚಲು. ಅಷ್ಟೇ ಅಲಂಕಾರ. ನಮ್ಮ ವರ್ಷದ ಅನ್ನ ಒಣಗಿದ ಜಾಗದ ನೆರಳಿನಲ್ಲಿ ಮಗಳು ನಿಲ್ಲುತ್ತಾಳೆ. ಇದಕ್ಕಿಂತ ಒಳ್ಳೆಯ ಮಂಟಪ ನನಗೆ ಬೇಕಾಗಿಲ್ಲ.

ಮುಯ್ಯಿಯ ವಿಷಯದಲ್ಲಿ ಮಾತ್ರ ನಾವು ಎಡವಿದೆವು. ಉಡುಗೊರೆ, ಮುಯ್ಯಿ ತರಬೇಡಿ ಎಂದು ಎಲ್ಲರಿಗೂ ಹೇಳಿ ಕಳಿಸಿದ್ದೆವು. ಒಳ್ಳೆಯದೇ ಅಂದುಕೊಂಡಿದ್ದೆವು. ಒಂದು ಮಧ್ಯಾಹ್ನ ಕೆಳಗಿನ ಮನೆಯ ಅಕ್ಕ ಬಂದು ಜಗುಲಿಯ ತುದಿಯಲ್ಲಿ ಕೂತರು. ಗಂಡ ಇಲ್ಲದ ಹೆಂಗಸು. ಅವರ ಮಗಳ ಮದುವೆಗೆ ನಾವು ಕೊಟ್ಟ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. "ನೀವು ತಗೊಳ್ಳಲ್ಲ ಅಂದ್ರೆ ನನ್ನ ಮೇಲೆ ಋಣ ಹಾಗೇ ಉಳೀತದಲ್ಲ. ನಾನು ಬರೀ ಕೈಯಲ್ಲಿ ಬಂದು ಉಣ್ಣೋದು ಹೇಗೆ?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಮ್ಮ ಆದರ್ಶದಿಂದ ಅವರಿಗೆ ಅವಮಾನ ಆಗಿತ್ತು.

ಮಗಳೇ ದಾರಿ ಹುಡುಕಿದಳು. ನಮ್ಮಲ್ಲಿ ಮುಯ್ಯಾಳು ಅಂತ ಇದೆ. ನಾಟಿಗೆ, ಕೊಯ್ಲಿಗೆ ನಾನು ನಿಮ್ಮ ಗದ್ದೆಗೆ ಬಂದರೆ, ನೀವು ನಮ್ಮ ಗದ್ದೆಗೆ ಬರುವುದು. ದುಡ್ಡಿನ ಲೆಕ್ಕವಿಲ್ಲ, ಆಳಿಗೆ ಆಳು. ಹಣದ ಮುಯ್ಯಿ ಬೇಡ, ಮುಯ್ಯಾಳಾಗಿ ಬನ್ನಿ ಎಂದು ಅವಳೇ ಮನೆ ಮನೆಗೆ ಹೋಗಿ ಹೇಳಿ ಬಂದಳು. ಈಗ ಕೆಳಗಿನ ಮನೆಯ ಅಕ್ಕ ಮದುವೆ ಬೆಳಿಗ್ಗೆಯ ಕಡುಬಿನ ಹೊಣೆ ಹೊತ್ತಿದ್ದಾರೆ. ನೂರೈವತ್ತು ಜನಕ್ಕೆ ಕಡುಬು ಎಂದರೆ ಸಣ್ಣ ಕೆಲಸವಲ್ಲ. ಅಕ್ಕಿ ತರಿ ಎಷ್ಟು, ಒಲೆ ಎಲ್ಲಿ ಹಾಕಬೇಕು ಎಂದು ದಿನಕ್ಕೆರಡು ಸಲ ಬಂದು ನೋಡಿ ಹೋಗುತ್ತಾರೆ. ನಡಿಗೆಯೇ ಬದಲಾಗಿದೆ.

ಬೀಗಿತ್ತಿಯವರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಅವರ ಕಡೆ ಮದುವೆಗೆ ಮುಂಚೆ ಯಾದಿ ಬರೆಯುತ್ತಾರೆ. ಯಾರು ಯಾರಿಗೆ ಎಷ್ಟು ಬಂಗಾರ, ಎಷ್ಟು ಬಟ್ಟೆ ಎಂಬ ಪಟ್ಟಿ. ಅವರು ಮೊದಲ ಸಲ ಮನೆಗೆ ಬಂದಾಗ ಚೀಲದಿಂದ ಕಾಗದ ತೆಗೆದದ್ದು ನೋಡಿ ನನಗೆ ಒಂದು ಗಳಿಗೆ ಹೆದರಿಕೆಯಾಯಿತು. ಅದರಲ್ಲಿ ಬರೆದಿದ್ದರು: ಖಡಕ್ ರೊಟ್ಟಿ ಐನೂರು, ಶೇಂಗಾ ಹೋಳಿಗೆ, ಶೇಂಗಾ ಚಟ್ನಿಪುಡಿ. "ಇದು ನಮ್ಮ ಯಾದಿರೀ ಅಕ್ಕಾರ. ನಿಮ್ಮ ಯಾದಿ ಹೇಳ್ರಿ, ಬರಕೋತೀನಿ" ಎಂದರು. ನಾನು ಕಡುಬು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಎಂದೆ. ಆ ಯಾದಿ ಈಗ ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ.

ಅತ್ತೆಗೆ ಸೋಬಾನೆ ಹಾಡುವ ಕೆಲಸ ಇದೆ. ಅದನ್ನು ಬಿಡಿ ಎಂದು ಯಾರೂ ಹೇಳಲಿಲ್ಲ, ಹೇಳುವುದೂ ಇಲ್ಲ. ಅದು ನಮ್ಮ ಹೆಂಗಸರು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಹಾಡು. ಮಗಳು ಪಕ್ಕದಲ್ಲಿ ಕೂತು ಫೋನಿನಲ್ಲಿ ಹಿಡಿದಿಡುತ್ತಿದ್ದಾಳೆ. ಕೆಲವನ್ನು ನಾನೂ ಇದೇ ಮೊದಲು ಕೇಳಿದ್ದು.

ನೋಟಿಸು ಹಾಕಿದ ಆ 30 ದಿನ ನಮ್ಮ ಯಜಮಾನರು ಪೇಟೆಗೆ ಹೋದಾಗಲೆಲ್ಲ ಕಚೇರಿಯ ಹತ್ತಿರ ಹೋಗಿ ನೋಡಿ ಬರುತ್ತಿದ್ದರು. ಯಾರಾದರೂ ತಕರಾರು ಹಾಕಿದ್ದಾರಾ ಎಂಬ ಆತಂಕ. ಯಾರೂ ಹಾಕಲಿಲ್ಲ. ಬರುವ ಶುಕ್ರವಾರ ನಾವೆಲ್ಲ ಅಲ್ಲಿಗೆ ಹೋಗುತ್ತೇವೆ. ಅಧಿಕಾರಿಯ ಮುಂದೆ, ಮೂವರು ಸಾಕ್ಷಿಗಳ ಮುಂದೆ, ನಾನು ನಿನ್ನನ್ನು ಕಾನೂನುಬದ್ಧವಾಗಿ ಕೈಹಿಡಿಯುತ್ತೇನೆ ಎಂಬ ಮಾತನ್ನು ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕು. ಆಮೇಲೆ ಸಹಿ.

ಮೂವರಲ್ಲಿ ಒಬ್ಬರು ಹುಡುಗನ ಅಕ್ಕ, ಒಬ್ಬ ನಮ್ಮಣ್ಣ. ಮೂರನೆಯವರು ಯಾರು ಎಂದಾಗ ಅತ್ತೆ, "ನಾನು ಆಗ್ಬಹುದಾ?" ಎಂದು ಕೇಳಿದರು. ಮೂರನೇ ಕ್ಲಾಸಿನವರೆಗೆ ಓದಿದವರು. ಬ್ಯಾಂಕಿನಲ್ಲಿ ಇಷ್ಟು ವರ್ಷವೂ ಹೆಬ್ಬೆಟ್ಟೇ ಒತ್ತಿದ್ದಾರೆ. ಈ ಸಲ ಹೆಬ್ಬೆಟ್ಟು ಬೇಡವಂತೆ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಹರಿದು ಅವುಗಳ ಬೆನ್ನಿಗೆ ಬರೆದು ಕಲಿಯುತ್ತಿದ್ದಾರೆ. ನಿನ್ನೆ ರಾತ್ರಿ ಮೊಮ್ಮಗಳನ್ನು ಕರೆದು ಕೇಳಿದರು: "ನನ್ನ ಹೆಸರಿನ ಜೊತೆ ಅಜ್ಜನ ಹೆಸರೂ ಬರೀಬೇಕಾ?"

"ಬೇಡ ಅಜ್ಜಿ, ನಿನ್ನ ಹೆಸರು ಸಾಕು" ಎಂದಳು.

ಅತ್ತೆ ಮತ್ತೆ ಪೆನ್ನು ಹಿಡಿದರು. ಮೂರು ಅಕ್ಷರದ ಹೆಸರು. ಮಧ್ಯದ ಒತ್ತಕ್ಷರ ಕೈಗೆ ಸಿಗುತ್ತಿಲ್ಲ. ನಾನು ಮಲಗಲು ಹೋಗುವಾಗಲೂ ದೀಪ ಉರಿಯುತ್ತಿತ್ತು, ಹಾಳೆ ಅರ್ಧ ತುಂಬಿತ್ತು. ಶುಕ್ರವಾರಕ್ಕೆ ಇನ್ನೂ ಏಳು ದಿನ ಇದೆ.

ನಮಸ್ಕಾರ.